ನೆರಳಿನೊಳಗಿನ ರಾಹು

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ವಿಜ್ಞಾನ, ಧಾರ್ಮಿಕ ನಂಬಿಕೆ, ಸಂಶಯ ಈ ಮೂರರ ನಂಟಿನ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಮೂರೂ ಬಹಳ ದೊಡ್ಡ ಪದಗಳು. ಅವನ್ನು ಇದ್ದ ಹಾಗೇ ಎತ್ತಿಕೊಂಡು ಮಾತನಾಡಿದರೆ ನಂಬುವವರು ನಂಬುವವರಾಗಿಯೇ, ನಂಬದವರು ನಂಬದವರಾಗಿಯೇ ಎದ್ದು ಹೋಗುತ್ತಾರೆ. ಯಾರ ತಿಳಿವಳಿಕೆಯೂ ಕೂತ ಜಾಗದಿಂದ ಅಲುಗುವುದಿಲ್ಲ. ಆದ್ದರಿಂದ ನಾನು ಇವತ್ತು ಗ್ರಹಣವೊಂದನ್ನೇ ಹಿಡಿದುಕೊಳ್ಳುತ್ತೇನೆ. ಗಣಿತ, ಆಚರಣೆ, ಭಯ ಮತ್ತು ಪ್ರಶ್ನೆ ಈ ನಾಲ್ಕೂ ನಮ್ಮ ದೇಶದಲ್ಲಿ ಸಾವಿರದ ಐನೂರು ವರ್ಷಗಳಿಂದ ಒಂದೇ ಸೂರಿನಡಿ ಬಾಳಿಕೊಂಡು ಬಂದಿರುವುದು ಗ್ರಹಣದ ವಿಷಯದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಕಲಿಯುಗದ 3600 ವರ್ಷಗಳು ಕಳೆದಾಗ ತನಗೆ 23 ವರ್ಷ ತುಂಬಿತ್ತೆಂದು ಆರ್ಯಭಟ ಹೇಳಿಕೊಂಡಿದ್ದಾನೆ. ಅದು ಕ್ರಿ.ಶ. 499. ಅವನ ಆರ್ಯಭಟೀಯ ಗ್ರಂಥದ ಗೋಲಪಾದ ಎಂಬ ಭಾಗದಲ್ಲಿ ಗ್ರಹಣದ ಕಾರಣ ಅರ್ಧ ಶ್ಲೋಕದಲ್ಲಿ ಮುಗಿದುಹೋಗುತ್ತದೆ: ಸೂರ್ಯನನ್ನು ಚಂದ್ರ ಮರೆಮಾಡುತ್ತಾನೆ, ಚಂದ್ರನನ್ನು ಭೂಮಿಯ ದೊಡ್ಡ ನೆರಳು ಮರೆಮಾಡುತ್ತದೆ. ಅಲ್ಲಿ ರಾಹುವಿನ ಹೆಸರಿಲ್ಲ, ರಾಹುವನ್ನು ಖಂಡಿಸುವ ಮಾತೂ ಇಲ್ಲ. ಕಾರಣವನ್ನು ಹೇಳಿ, ನೆರಳಿನ ಉದ್ದವನ್ನೂ ಅಗಲವನ್ನೂ ಕಂಡುಹಿಡಿಯುವ ಲೆಕ್ಕಕ್ಕೆ ಅವನು ನೇರವಾಗಿ ಹೋಗಿಬಿಡುತ್ತಾನೆ.

ಅವನ ನಂತರ ಬಂದ ವರಾಹಮಿಹಿರ ಇಷ್ಟು ಮಿತಭಾಷಿಯಲ್ಲ. ಬೃಹತ್ಸಂಹಿತೆಯ ರಾಹುಚಾರ ಎಂಬ ಅಧ್ಯಾಯದಲ್ಲಿ ಅವನು ರಾಹುವಿನ ಕಥೆಗಳನ್ನೆಲ್ಲ ಮೊದಲು ಹೇಳಿ, ಆಮೇಲೆ ಒಬ್ಬ ಒಳ್ಳೆಯ ವಕೀಲನಂತೆ ಅವುಗಳನ್ನು ಪಾಟೀಸವಾಲಿಗೆ ಒಡ್ಡುತ್ತಾನೆ. ರಾಹುವಿಗೆ ದೇಹವಿದ್ದು, ಅವನು ನಿಯತವಾದ ಗತಿಯಲ್ಲಿ ಚಲಿಸುವವನಾದರೆ, ತನ್ನಿಂದ ಅಷ್ಟು ದೂರದಲ್ಲಿರುವ ಬಿಂಬವನ್ನು ಹಿಡಿಯುವುದು ಹೇಗೆ? ಅವನ ಗತಿ ನಿಯತವಲ್ಲದಿದ್ದರೆ, ಗ್ರಹಣ ಯಾವಾಗ ಆಗುತ್ತದೆಂದು ನಾವು ಲೆಕ್ಕ ಹಾಕಿ ಹೇಳುವುದಾದರೂ ಹೇಗೆ? ಚಂದ್ರಗ್ರಹಣ ಪಶ್ಚಿಮದ ಅಂಚಿನಿಂದ ಆರಂಭವಾಗುವುದಿಲ್ಲ, ಸೂರ್ಯಗ್ರಹಣ ಪೂರ್ವದ ಅಂಚಿನಿಂದ ಆರಂಭವಾಗುವುದಿಲ್ಲ. ಚಂದ್ರನೇ ಪೂರ್ವದ ಕಡೆಗೆ ಚಲಿಸುತ್ತ ನೆರಳನ್ನು ಹೊಗುತ್ತಾನೆ, ಅವನೇ ಸೂರ್ಯನ ಮುಂದೆ ಹಾಯುತ್ತಾನೆ ಎಂದು ಒಪ್ಪಿದರೆ ಈ ವ್ಯತ್ಯಾಸ ತಾನಾಗಿ ಬಿಡಿಸಿಕೊಳ್ಳುತ್ತದೆ. ಮೋಡವೊಂದು ಅಡ್ಡ ಬಂದಂತೆ ಚಂದ್ರ ಸೂರ್ಯನಿಗೆ ಅಡ್ಡ ಬರುವುದರಿಂದಲೇ ಸೂರ್ಯಗ್ರಹಣ ಊರಿಂದೂರಿಗೆ ಬೇರೆ ಬೇರೆಯಾಗಿ ಕಾಣುತ್ತದೆ. ಕಣ್ಣಿಟ್ಟು ನೋಡಿದವನು ಮಾತ್ರ ಹೂಡಬಲ್ಲ ವಾದಗಳು ಇವು. ಹೀಗೆ ರಾಹುವನ್ನು ಗ್ರಹಣದ ಕಾರಣಸ್ಥಾನದಿಂದ ಇಳಿಸಿದ ಮೇಲೆ, ವರಾಹಮಿಹಿರ ಅವನಿಗೆ ಇನ್ನೊಂದು ಸಣ್ಣ ಜಾಗ ಮಾಡಿಕೊಡುತ್ತಾನೆ. ಗ್ರಹಣದ ಹೊತ್ತಿನಲ್ಲಿ ಜನರು ಕೊಡುವ ದಾನ ಹೋಮಗಳ ಭಾಗದಿಂದ ನಿನಗೆ ತೃಪ್ತಿಯಾಗಲಿ ಎಂದು ಬ್ರಹ್ಮ ಆ ಅಸುರನಿಗೆ ವರ ಕೊಟ್ಟಿದ್ದಾನೆ. ಆ ಸಮಯದಲ್ಲಿ ಅವನು ಅಲ್ಲಿ ಸನ್ನಿಹಿತನಾಗಿರುತ್ತಾನೆ. ಆದ್ದರಿಂದ ರಾಹು ಹಿಡಿದನೆಂದು ಉಪಚಾರಕ್ಕೆ ಹೇಳುತ್ತಾರೆ. ಅಲ್ಲಿಗೆ ಗಣಿತವೂ ಉಳಿಯಿತು, ಸ್ನಾನದಾನಗಳೂ ಉಳಿದವು.

ಇದಾದ ಮೇಲೆ, 628ರಲ್ಲಿ, ಬ್ರಹ್ಮಗುಪ್ತ ತನ್ನ ಸಿದ್ಧಾಂತವನ್ನು, ಅಂದರೆ ಖಗೋಳಗಣಿತದ ಗ್ರಂಥವನ್ನು, ಬರೆದ. ಗಣಿತದಲ್ಲಿ ಅವನು ಎಷ್ಟು ದೊಡ್ಡವನೆಂಬುದನ್ನು ನಾನು ಹೇಳಬೇಕಾಗಿಲ್ಲ. ಸೊನ್ನೆಗೆ ಕೂಡು ಕಳೆಯ ನಿಯಮಗಳನ್ನು ಬರೆದುಕೊಟ್ಟವನು ಅವನು. ಅವನೇ ಇಲ್ಲಿ ಆರ್ಯಭಟನನ್ನೂ ವರಾಹಮಿಹಿರನನ್ನೂ ಎದುರು ನಿಲ್ಲಿಸಿ ಗದರುತ್ತಾನೆ. ರಾಹು ಕಾರಣನಲ್ಲ ಎನ್ನುವುದು ಲೋಕಕ್ಕೂ ವೇದಕ್ಕೂ ಸ್ಮೃತಿಗೂ ಸಂಹಿತೆಗಳಿಗೂ ವಿರುದ್ಧ. ಅದು ನಿಜವಾದರೆ ಗ್ರಹಣದ ಸ್ನಾನ, ಜಪ, ದಾನಗಳಿಗೆ ಫಲವೇ ಇಲ್ಲವೆಂದಾಗುತ್ತದೆ ಎನ್ನುತ್ತಾನೆ. ಆಮೇಲೆ, ಬ್ರಹ್ಮನ ವರದಿಂದ ರಾಹುವು ಚಂದ್ರಗ್ರಹಣದಲ್ಲಿ ಭೂಮಿಯ ನೆರಳನ್ನೂ ಸೂರ್ಯಗ್ರಹಣದಲ್ಲಿ ಚಂದ್ರನನ್ನೂ ಹೊಕ್ಕು ಮರೆಮಾಡುತ್ತಾನೆ ಎಂದು ಸೇರಿಸುತ್ತಾನೆ. ಆದರೆ ಗ್ರಹಣದ ಕಾಲವನ್ನೂ ಪ್ರಮಾಣವನ್ನೂ ಲೆಕ್ಕ ಮಾಡಲು ಕೂತಾಗ ಅವನು ಬಳಸುವುದು ನೆರಳಿನ ವ್ಯಾಸವನ್ನು, ಚಂದ್ರನ ಬಿಂಬವನ್ನು, ಅವುಗಳ ನಡುವಿನ ದೂರವನ್ನು. ರಾಹುವಿನ ಅಳತೆಯೊಂದೂ ಆ ಗಣಿತದೊಳಗೆ ಬರುವುದಿಲ್ಲ.

ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಭಾರತದ ಬಗ್ಗೆ ಬರೆದ ಅಲ್ ಬಿರೂನಿ ಈ ಭಾಗವನ್ನು ಓದಿ ಬೆರಗಾದ. ಇಷ್ಟು ತಿಳಿದವನು ಹೀಗೆ ಬರೆಯಬೇಕಾದರೆ ಅದು ಅವನ ಅಂತಃಸಾಕ್ಷಿಗೆ ವಿರುದ್ಧವಾದ ಮಾತು, ತನ್ನ ಮಾತುಗಳಿಗಾಗಿ ವಿಷ ಕುಡಿಯಬೇಕಾಗಿ ಬಂದ ಸಾಕ್ರಟೀಸನಿಗೆ ಒದಗಿದಂಥ ವಿಪತ್ತೇ ಇವನನ್ನೂ ಹೀಗೆ ನುಡಿಸಿರಬೇಕು ಎಂದು ಅವನು ಊಹಿಸಿದ. ಬಹಳ ಕಾಲ ನಾನೂ ಹೀಗೆಯೇ ತಿಳಿದಿದ್ದೆ: ಬ್ರಹ್ಮಗುಪ್ತ ಒಳಗೊಂದು ಹೊರಗೊಂದು ಇಟ್ಟುಕೊಂಡವನು, ಜನರಿಗೆ ಹೆದರಿದವನು ಎಂದು. ಈಗ ನನಗೆ ಅಷ್ಟು ಖಚಿತವಿಲ್ಲ. ಅವನು ಹೆದರಿದ್ದಕ್ಕಿಂತ ಹೆಚ್ಚಾಗಿ, ಒಂದು ತಪ್ಪು ಮಾಡಿದ ಎನ್ನಿಸುತ್ತದೆ. ಸ್ನಾನದಾನಗಳಿಗೆ ಬೆಲೆಯಿರಬೇಕಾದರೆ ರಾಹು ನಿಜವಾಗಿಯೂ ಆಕಾಶದಲ್ಲಿರಬೇಕು ಎಂದು ಅವನು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ. ಆ ಗಂಟನ್ನು ಒಪ್ಪಿಕೊಂಡ ಮೇಲೆ, ಆಚರಣೆಯನ್ನು ಪ್ರೀತಿಸುವವನು ನೆರಳಿನ ಮೇಲೆ ಸಿಟ್ಟಾಗಲೇಬೇಕಾಗುತ್ತದೆ, ನೆರಳನ್ನು ತಿಳಿದವನು ಆಚರಣೆಯನ್ನು ಹಂಗಿಸಲೇಬೇಕಾಗುತ್ತದೆ. ನಮ್ಮ ಕಾಲದ ಜಗಳಗಳಲ್ಲಿ ಬಹುಪಾಲು ಈ ಗಂಟಿನಿಂದಲೇ ಹುಟ್ಟಿವೆ.

ಸಂಶಯದ ವಿಷಯಕ್ಕೆ ಬರುತ್ತೇನೆ. ಧಾರ್ಮಿಕ ಉಪನ್ಯಾಸಗಳಲ್ಲಿ ಗೀತೆಯ ನಾಲ್ಕನೆಯ ಅಧ್ಯಾಯದ "ಸಂಶಯಾತ್ಮಾ ವಿನಶ್ಯತಿ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದನ್ನು ಹೇಳಿದ ಕೂಡಲೇ ಪ್ರಶ್ನೆ ಕೇಳಲು ಎದ್ದವರು ಕೂತುಬಿಡುತ್ತಾರೆ. ಆದರೆ ಅದೇ ಪರಂಪರೆಯ ನ್ಯಾಯಶಾಸ್ತ್ರ ತಾನು ಪರಿಶೀಲಿಸುವ ಹದಿನಾರು ಪದಾರ್ಥಗಳನ್ನು ಎಣಿಸುವಾಗ ಪ್ರಮಾಣ, ಪ್ರಮೇಯಗಳಾದ ಮೇಲೆ ಮೂರನೆಯದಾಗಿ ಇಡುವುದು ಸಂಶಯವನ್ನೇ. ದೂರದಲ್ಲಿ ಕಾಣುವುದು ಮನುಷ್ಯನೋ ಮೋಟುಮರವೋ ಎಂಬ ಸಂಶಯ ಬಂದವನು ಮಾತ್ರ ಹತ್ತಿರ ಹೋಗಿ ನೋಡುತ್ತಾನೆ; ಸಂಶಯವೇ ಬಾರದವನಿಗೆ ತರ್ಕದ ಅಗತ್ಯವೂ ಇಲ್ಲ, ನಿರ್ಣಯದ ಅಗತ್ಯವೂ ಇಲ್ಲ. ಮೀಮಾಂಸೆಯಲ್ಲಿ, ವೇದಾಂತದಲ್ಲಿ ಒಂದು ಅಧಿಕರಣ, ಅಂದರೆ ಒಂದು ವಿಷಯದ ಚರ್ಚೆ, ಎಂದರೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳ ಕಟ್ಟಡ. ಬ್ರಹ್ಮಸೂತ್ರಗಳನ್ನು ಈ ಕ್ರಮದಲ್ಲಿಯೇ ಅಧಿಕರಣಗಳಾಗಿ ಬಿಡಿಸಿ ಓದುತ್ತ ಬಂದಿದ್ದಾರೆ. ಸಂಶಯವನ್ನು ಹೇಳದೆ, ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಮುಂದಿಡದೆ, ಸಿದ್ಧಾಂತಕ್ಕೆ ಹೋಗುವ ದಾರಿಯೇ ಅಲ್ಲಿಲ್ಲ. ಗೀತೆ ಯಾರನ್ನು ಕುರಿತು ಹೇಳಿತೆಂಬುದನ್ನು ಆ ಶ್ಲೋಕದ ಮೊದಲರ್ಧ ಸೇರಿಸಿ ಓದಿದರೆ ತಿಳಿಯುತ್ತದೆ: ತಿಳಿಯದವನು, ಶ್ರದ್ಧೆಯಿಲ್ಲದವನು, ಅದರ ಮೇಲೆ ಎಂದೂ ನಿರ್ಣಯಕ್ಕೆ ಬಾರದೆ ತೂಗುತ್ತಲೇ ಇರುವವನು. ಕಣ್ಣಿಗೆ ಕಂಡ ಮೋಟುಮರದ ಹತ್ತಿರ ನಡೆದುಹೋಗುವವನನ್ನು ಅದು ಶಪಿಸುತ್ತಿಲ್ಲ. ನಮ್ಮ ಹನ್ನೆರಡನೆಯ ಶತಮಾನದ ಶರಣರು ಶುಭಲಗ್ನ, ತಾರಾಬಲಗಳನ್ನು ಅನುಮಾನಿಸಿದ್ದೂ ಅಶ್ರದ್ಧೆಯಿಂದಲ್ಲ. ಶಿವನನ್ನು ಪೂರ್ತಿ ನಂಬಿದವನಿಗೆ ವಾರ, ತಿಥಿ ಅಡ್ಡ ಬರುವುದು ಹೇಗೆ ಎಂಬ ಪ್ರಶ್ನೆ ಭಕ್ತಿಯ ಒಳಗಿನಿಂದಲೇ ಎದ್ದದ್ದು.

ಹೀಗೆ ಒಳಗಿನಿಂದ ಏಳುವ ಸಂಶಯ ಗಣಿತದಲ್ಲಿ ಏನು ಮಾಡಬಲ್ಲದೆಂಬುದನ್ನು ಕೇರಳದ ಜ್ಯೋತಿರ್ವಿದರು ತೋರಿಸಿಕೊಟ್ಟರು. ಪರಮೇಶ್ವರನೆಂಬವನು 55 ವರ್ಷಗಳ ಕಾಲ ಗ್ರಹಣಗಳನ್ನು ನೋಡಿದ. ತನ್ನ ಕಾಲದ ಗಣಿತ ಹೇಳುವ ವೇಳೆಗೂ ಆಕಾಶದಲ್ಲಿ ಕಾಣುವ ವೇಳೆಗೂ ಹೊಂದಿಕೆ ತಪ್ಪಿದ್ದನ್ನು ಕಂಡು, ಅಂಕಿಗಳನ್ನು ತಿದ್ದಿ, 1431ರಲ್ಲಿ ದೃಗ್ಗಣಿತವೆಂಬ ಹೊಸ ಪದ್ಧತಿಯನ್ನು ಕೊಟ್ಟ. ಅವನ ಪರಂಪರೆಯಲ್ಲಿ ಬಂದ ನೀಲಕಂಠ ಸೋಮಯಾಜಿ, ಹೆಸರೇ ಹೇಳುವಂತೆ ಸೋಮಯಾಗ ಮಾಡಿದವನು, ಶ್ರದ್ಧಾವಂತ. ಸಿದ್ಧಾಂತಗಳನ್ನು ದೇವತೆಗಳು ಉಪದೇಶಿಸಿದರು, ಆದ್ದರಿಂದ ಅವನ್ನು ತಿದ್ದಬಾರದು ಎನ್ನುವವರಿಗೆ ಅವನು ಕೊಟ್ಟ ಉತ್ತರ ನನಗೆ ಬಹಳ ಮೆಚ್ಚಿಗೆ. ದೇವತೆಯ ಪ್ರಸಾದವೆಂದರೆ ಬುದ್ಧಿ ತಿಳಿಯಾಗುವುದಷ್ಟೆ. ದೇವತೆಯೇ ಬಂದು ಅಂಕಿಗಳನ್ನು ಹೇಳಿಕೊಡುವುದಿಲ್ಲ. ಹಿಂದಿನ ಸಿದ್ಧಾಂತಗಳು ತಮ್ಮ ತಮ್ಮ ಕಾಲಕ್ಕೆ ಸರಿಯಿದ್ದವು. ಇಂದು ಹೊಂದದಿದ್ದರೆ ಗ್ರಹಣ ಮೊದಲಾದವುಗಳನ್ನು ಯಂತ್ರಗಳಿಂದ ಪರೀಕ್ಷಿಸಿ ಹೊಸ ಸಿದ್ಧಾಂತವನ್ನು ಮಾಡಬೇಕು. ಈ ಮಾತನ್ನು ಅವನು ಹೇಳಿದ್ದು 1500ರ ಆಸುಪಾಸಿನಲ್ಲಿ, ಯಾಗಶಾಲೆಯ ಹೊಗೆ ಗೊತ್ತಿದ್ದ ಮನೆಯಲ್ಲಿ ಕೂತು.

ಗ್ರಹಣಕ್ಕೆ ಇಲ್ಲೊಂದು ವಿಶೇಷವಾದ ಸ್ಥಾನವಿದೆ. ಏಕಾದಶಿ ಇವತ್ತೋ ನಾಳೆಯೋ ಎಂಬುದರಲ್ಲಿ ಎರಡು ಪಂಚಾಂಗಗಳು ಬೇರೆ ಬೇರೆ ಹೇಳಿದರೆ ಎರಡು ಮನೆಗಳು ಬೇರೆ ಬೇರೆ ದಿನ ಉಪವಾಸವಿದ್ದು ಸುಮ್ಮನಾಗಬಹುದು. ಗ್ರಹಣದ ವೇಳೆಯನ್ನು ಮಾತ್ರ ಯಾರೂ ತಪ್ಪಾಗಿ ಹೇಳಿ ದಕ್ಕಿಸಿಕೊಳ್ಳಲಾರರು, ಏಕೆಂದರೆ ಆ ಹೊತ್ತಿಗೆ ಊರಿಗೆ ಊರೇ ಆಕಾಶವನ್ನು ಗಮನಿಸುತ್ತಿರುತ್ತದೆ. ನಮ್ಮ ಶಾಸನಗಳಲ್ಲಿ ಗ್ರಹಣದ ದಿನ ಕಾಲು ತೊಳೆದು, ಧಾರೆ ಎರೆದು ಭೂಮಿ ಕೊಟ್ಟ ದಾಖಲೆಗಳು ಎಷ್ಟೋ ಇವೆ. ಆ ಪುಣ್ಯಕಾಲ ಕೈತಪ್ಪಬಾರದೆಂದರೆ ಅದನ್ನು ಮುಂಚಿತವಾಗಿ ಲೆಕ್ಕ ಹಾಕಿ ಹೇಳುವವನು ಬೇಕೇ ಬೇಕು. ನಂಬಿಕೆಯೇ ಗಣಿತಕ್ಕೆ ಅನ್ನ ಹಾಕಿತು ಎಂದರೆ ಉತ್ಪ್ರೇಕ್ಷೆಯಲ್ಲ. ಮುಂದೆ ಆ ಶಾಸನಗಳ ಕಾಲವನ್ನು ನಿಗದಿ ಮಾಡಲು ಇತಿಹಾಸಕಾರರಿಗೆ ಆಸರೆಯಾದದ್ದೂ ಅವೇ ಗ್ರಹಣಗಳು.

1868ರ ಆಗಸ್ಟ್ 18ರ ಸಂಪೂರ್ಣ ಸೂರ್ಯಗ್ರಹಣದ ನೆರಳು ದಖ್ಖನದ ಮೇಲೆ ಹಾದುಹೋಯಿತು. ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಗುಂಟೂರಿನಲ್ಲಿ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಹಿಡಿದು ನಿಂತಿದ್ದ. ಖಗೋಳಜ್ಞ ವಿಲಿಯಂ ಹರ್ಷೆಲನ ಮೊಮ್ಮಗನಾದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ನಮ್ಮ ಜಮಖಂಡಿಯಲ್ಲಿದ್ದ. ಸೂರ್ಯನ ಅಂಚಿನಲ್ಲಿ ಚಿಮ್ಮುವ ಜ್ವಾಲೆಗಳು ಅನಿಲದವೆಂದು ಅವರು ಕಂಡ ಪ್ರಕಾಶಮಾನ ಗೆರೆಗಳಿಂದ ತಿಳಿಯಿತು. ಆ ಗೆರೆಗಳಲ್ಲಿನ ಒಂದು ಹಳದಿ ಗೆರೆ ಮುಂದೆ ಹೀಲಿಯಂ ಎಂಬ ಧಾತುವಿನದೆಂದು ಗೊತ್ತಾಯಿತು. ಭೂಮಿಯ ಮೇಲೆ ಆ ಧಾತು ಸಿಕ್ಕಿದ್ದು 1895ರಲ್ಲಿ, ಅಂದರೆ 27 ವರ್ಷಗಳಾದ ಮೇಲೆ. ಅದೇ ಗ್ರಹಣವನ್ನು ವನಪರ್ತಿಯಲ್ಲಿ ನೋಡಿದವರು ಮದರಾಸಿನ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು. ಹಗಲು ಪಂಚಾಂಗದ ಮನೆತನದ ಮಾತು, ರಾತ್ರಿ ದೂರದರ್ಶಕ ಎಂಬಂತೆ ಬದುಕಿದ ಅವರು, ಕಣ್ಣಿಗೆ ಕಂಡದ್ದಕ್ಕೆ ಹೊಂದುವಂತೆ ಪಂಚಾಂಗವನ್ನು ತಿದ್ದಬೇಕೆಂದು ಜೀವಮಾನವಿಡೀ ವಾದಿಸಿದರು. 1874ರಲ್ಲಿ ಶುಕ್ರಗ್ರಹ ಸೂರ್ಯನ ಮುಂದೆ ಹಾಯುವುದರ ಬಗ್ಗೆ ಅವರು ಬರೆದ ಪುಸ್ತಿಕೆ ಹಲವು ಭಾರತೀಯ ಭಾಷೆಗಳಲ್ಲಿ ಬಂತು. ಅವುಗಳಲ್ಲಿ ಕನ್ನಡವೂ ಒಂದು. ನೂರೈವತ್ತು ವರ್ಷಗಳ ಹಿಂದೆ ಕನ್ನಡದ ಓದುಗನಿಗೆ ಅವನ ಭಾಷೆಯಲ್ಲೇ ಇದನ್ನು ತಿಳಿಸಬೇಕೆಂದು ಒಬ್ಬ ಶ್ರೀವೈಷ್ಣವ ಖಗೋಳಜ್ಞನಿಗೆ ತೋರಿತಲ್ಲ, ಅದು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿದಿದೆ.

ವಿಜ್ಞಾನಿಯ ಸಂಶಯ ಹೇಗಿರುತ್ತದೆಂಬುದಕ್ಕೂ ಗ್ರಹಣದಿಂದಲೇ ಒಂದು ನಿದರ್ಶನ ಕೊಡುತ್ತೇನೆ. 1919ರ ಮೇ 29ರ ಗ್ರಹಣದಲ್ಲಿ ಐನ್‌ಸ್ಟೈನರ ಸಿದ್ಧಾಂತವನ್ನು ಪರೀಕ್ಷಿಸಲು ಹೋದ ಇಂಗ್ಲೆಂಡಿನ ಖಗೋಳಜ್ಞ ಆರ್ಥರ್ ಎಡಿಂಗ್ಟನ್ ಕ್ವೇಕರ್ ಪಂಥದವರು. ಯುದ್ಧದಲ್ಲಿ ಕೊಲ್ಲುವುದು ತಮ್ಮ ಧರ್ಮಕ್ಕೆ ಸಲ್ಲದೆಂದು ಸೈನ್ಯ ಸೇರಲು ಒಪ್ಪದವರು. ಸೂರ್ಯನ ಪಕ್ಕದಲ್ಲಿ ಹಾದುಬರುವ ನಕ್ಷತ್ರದ ಬೆಳಕು 1.75 ವಿಕಲೆಯಷ್ಟು ಬಾಗಬೇಕೆಂದು ಹೊಸ ಸಿದ್ಧಾಂತ ಹೇಳಿತ್ತು. ಹಳೆಯ ಲೆಕ್ಕದ ಪ್ರಕಾರ ಅದರ ಅರ್ಧ. ಒಂದು ಅಂಶವನ್ನು 3600 ಪಾಲು ಮಾಡಿದರೆ ಒಂದು ವಿಕಲೆ. ಬ್ರೆಜಿಲಿನ ಸೊಬ್ರಾಲಿನಲ್ಲಿದ್ದ ಒಂದು ದೂರದರ್ಶಕದಿಂದ 1.98, ಎಡಿಂಗ್ಟನ್ ಇದ್ದ ಪ್ರಿನ್ಸಿಪಿ ದ್ವೀಪದ ಮೋಡ ಕವಿದ ಚಿತ್ರಗಳಿಂದ 1.61, ಸೊಬ್ರಾಲಿನ ಇನ್ನೊಂದು ಉಪಕರಣದಿಂದ 0.93 ಎಂದು ಬಂತು. ಈ ಮೂರನೆಯದರ ಚಿತ್ರಗಳು ಬಿಸಿಲಿನ ತಾಪಕ್ಕೆ ಮಸುಕಾಗಿದ್ದವೆಂದು ಅದನ್ನು ಬದಿಗಿಟ್ಟರು. ಬದಿಗಿಟ್ಟದ್ದು ಸರಿಯೇ, ಎಡಿಂಗ್ಟನ್ನರಿಗೆ ಐನ್‌ಸ್ಟೈನರ ಮೇಲಿದ್ದ ಪ್ರೀತಿ ಅವರ ಕಣ್ಣಿಗೆ ಅಡ್ಡ ಬಂತೇ ಎಂದು ಮುಂದಿನವರು ಕೇಳದೆ ಬಿಡಲಿಲ್ಲ. 1922ರ ಗ್ರಹಣದಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ ಮತ್ತೆ ಅಳೆದರು. ಅರವತ್ತು ವರ್ಷಗಳ ಮೇಲೆ, 1979ರಲ್ಲಿ, ಬದಿಗಿಟ್ಟಿದ್ದ ಆ ಚಿತ್ರಗಳ ಗಾಜಿನ ಫಲಕಗಳನ್ನೇ ಹೊಸ ಯಂತ್ರದಿಂದ ಅಳೆದು, ಅವೂ ಐನ್‌ಸ್ಟೈನರ ಕಡೆಗೇ ವಾಲುತ್ತವೆಂದು ಕಂಡುಕೊಂಡರು. ವಿಜ್ಞಾನಿಗಳೂ ನಂಬುತ್ತಾರೆ, ಕೆಲವೊಮ್ಮೆ ಗಾಢವಾಗಿ ನಂಬುತ್ತಾರೆ. ಆದರೆ ಅವರು ನಂಬಿದ ಮಾತಿನ ಫಲಕಗಳನ್ನು ಯಾರೋ ಕಾಪಾಡಿ ಇಟ್ಟಿರುತ್ತಾರೆ, ಮತ್ತು ಅರವತ್ತು ವರ್ಷಗಳ ಮೇಲೆ ಅವನ್ನು ತೆಗೆದು ನೋಡುವವನನ್ನು ಯಾರೂ ತಡೆಯುವುದಿಲ್ಲ.

ಈಗ ನಮ್ಮ ಮನೆಯ ಸಂಗತಿಯೊಂದನ್ನು ಹೇಳಲು ಅಪ್ಪಣೆ ಬೇಡುತ್ತೇನೆ. 1980ರ ಫೆಬ್ರುವರಿ 16, ಶನಿವಾರ, ಅಮಾವಾಸ್ಯೆ. ಆ ದಿನದ ಸಂಪೂರ್ಣ ಸೂರ್ಯಗ್ರಹಣದ ಪಥ ಅಂಕೋಲೆಯ ಕಡಲತೀರದಿಂದ ಗದಗ, ರಾಯಚೂರುಗಳ ಕಡೆಗೆ ಹಾದುಹೋಗಿತ್ತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ಶಿಬಿರ ಹೂಡಿದ್ದರು. ನಮ್ಮದು ಗದಗಿನ ಹತ್ತಿರದ ಹಳ್ಳಿ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರು. ಆ ವಾರ ತರಗತಿಯಲ್ಲಿ ಅವರು ಕಂದೀಲನ್ನು ಸೂರ್ಯನನ್ನಾಗಿ, ಚೆಂಡನ್ನು ಚಂದ್ರನನ್ನಾಗಿ ಮಾಡಿ, ನೆರಳು ಬೀಳುವುದನ್ನು ಗೋಡೆಯ ಮೇಲೆ ನಮಗೆ ತೋರಿಸಿದ್ದರು. ಶನಿವಾರ ಮಧ್ಯಾಹ್ನ ಅದೇ ಅಪ್ಪ ಮನೆಯ ಕದ ಹಾಕಿಸಿ, ಕಿಟಕಿಗಳ ಹಲಗೆ ಮುಚ್ಚಿಸಿ, ನಮ್ಮನ್ನೆಲ್ಲ ಒಳಗೆ ಕೂರಿಸಿದರು. ಅಜ್ಜಿ ನೀರಿನ ಕೊಡಕ್ಕೆ, ಉಪ್ಪಿನಕಾಯಿ ಭರಣಿಗೆ ದರ್ಭೆ ಹಾಕಿದಳು. ಬಸುರಿಯಾಗಿದ್ದ ಅತ್ತೆ ಮಗುವಿನ ತುಟಿ ಸೀಳೀತೆಂಬ ಹೆದರಿಕೆಯಿಂದ ಚಾಕು, ಕತ್ತರಿ ಯಾವುದನ್ನೂ ಮುಟ್ಟದೆ ಮಲಗಿದ್ದಳು. ನಡುಮನೆಯಲ್ಲಿ ಹಿತ್ತಾಳೆಯ ಪರಾತದಲ್ಲಿ ನೀರು ಹಾಕಿ, ಅದರ ನಡುವೆ ಅಜ್ಜಿ ಒನಕೆ ನಿಲ್ಲಿಸಿದಳು. ಗ್ರಹಣ ಹಿಡಿದಿರುವಷ್ಟು ಹೊತ್ತು ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟ ಮೇಲೆ ನಿಲ್ಲುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಒನಕೆ ನಿಂತಿತು.

ಪಡುವಣ ಕಿಟಕಿಯ ಹಲಗೆಯಲ್ಲಿ ಒಂದು ಸಣ್ಣ ತೂತಿತ್ತು. ಕತ್ತಲೆ ಮಾಡಿದ ಕೋಣೆಯೊಳಗೆ ಅದರಿಂದ ಬಿದ್ದ ಬಿಸಿಲಿನ ಬೊಟ್ಟು ಎದುರು ಗೋಡೆಯ ಮೇಲೆ ದುಂಡಗಿರಲಿಲ್ಲ, ಕಚ್ಚಿದ ರೊಟ್ಟಿಯಂತಿತ್ತು. ನೋಡುತ್ತ ನೋಡುತ್ತ ಅದು ಕುಡುಗೋಲಾಯಿತು. ಅಪ್ಪ ಬಹಳ ಹೊತ್ತು ಅದನ್ನೇ ನೋಡಿ, ಅದು ಬರೀ ಬೆಳಕಲ್ಲ, ಸೂರ್ಯನ ಬಿಂಬವೇ ಎಂದು ಮೆಲ್ಲಗೆ ಹೇಳಿದರು. ಗ್ರಹಣ ಕಣ್ಣಿಗೆ ಬೀಳಬಾರದೆಂದು ಮುಚ್ಚಿದ ಕೋಣೆಯೇ ಗ್ರಹಣವನ್ನು ತೋರಿಸುವ ಯಂತ್ರವಾಗಿತ್ತು. ಮೂರೂವರೆ ದಾಟಿದ ಮೇಲೆ ಆ ಕುಡುಗೋಲು ನೂಲಿನಷ್ಟಾಗಿ ಆರಿಹೋಯಿತು. ಹೊರಗೆ ಹಕ್ಕಿಗಳು ಗಲಿಬಿಲಿಯಾಗಿ ಕೂಗಿ ಸುಮ್ಮನಾದವು. ಎರಡು ಮೂರು ನಿಮಿಷಗಳಲ್ಲಿ ಇನ್ನೊಂದು ಅಂಚಿನಿಂದ ಬೆಳಕು ಮರಳಿತು. ಅಜ್ಜಿ ಗೋಡೆಗೆ ಕೈಮುಗಿದಳು. ಆದರೆ ಆ ತೂತಿಗೆ ಬಟ್ಟೆ ತುರುಕಿರೆಂದು ಹೇಳಲಿಲ್ಲ.

ಮರುದಿನ ಅಪ್ಪನ ಕಂದೀಲಿನ ಪಾಠ ನೆನಪಾಗಿಯೋ ಏನೋ, ನಾನು ಅಜ್ಜಿಗೆ ಇನ್ನೊಮ್ಮೆ ಒನಕೆ ನಿಲ್ಲಿಸಲು ಗಂಟುಬಿದ್ದೆ. ಆಕೆ ಬೈಯುತ್ತಲೇ ಪರಾತ ಇಟ್ಟಳು, ನೀರು ಹಾಕಿದಳು, ಒನಕೆಯನ್ನು ಎರಡು ಕೈಯಲ್ಲಿ ಹಿಡಿದು ಸಮತೂಕ ನೋಡಿ ಬಿಟ್ಟಳು. ಒನಕೆಯ ತುದಿಗೆ ಕಬ್ಬಿಣದ ಬಳೆಯಿತ್ತು, ಅಡಿ ಸಪಾಟಾಗಿತ್ತು, ಅದು ನಿಂತಿತು. "ಇವತ್ತೂ ನಿಂತತಲ್ಲೋ" ಎಂದಳು ಅಜ್ಜಿ. ಅಷ್ಟೇ ಆಕೆ ಹೇಳಿದ್ದು. ಮುಂದಿನ ಗ್ರಹಣಗಳಲ್ಲಿ ಆಕೆ ಸ್ನಾನ ಮಾಡಿದಳು, ಜಪ ಮಾಡಿದಳು, ಬಾಗಿಲಿಗೆ ಬಂದವರಿಗೆ ಜೋಳ ಹಾಕಿದಳು. ಒನಕೆಯನ್ನು ಮಾತ್ರ ಮತ್ತೆ ಎಂದೂ ನಿಲ್ಲಿಸಲಿಲ್ಲ.

ಬ್ರಹ್ಮಗುಪ್ತ ಕಟ್ಟಿದ ಗಂಟನ್ನು ನನ್ನ ಅಜ್ಜಿ ಬಿಚ್ಚಿದಳು ಎಂದು ನಾನು ಪೂರ್ಣ ಗೌರವದಿಂದ ಹೇಳುತ್ತೇನೆ. ಗ್ರಹಣ ಹಿಡಿದಾಗ ಮಾತ್ರ ಒನಕೆ ನಿಲ್ಲುತ್ತದೆ ಎಂಬುದು ಲೋಕದ ಬಗ್ಗೆ ಹೇಳಿದ ಮಾತು. ಅದು ನಿಜವೋ ಸುಳ್ಳೋ ಎಂದು ಇನ್ನೊಂದು ದಿನ ಒನಕೆ ನಿಲ್ಲಿಸಿ ನೋಡಬಹುದು, ನೋಡಲೇಬೇಕು. ಆಕಾಶ ಕಪ್ಪಾದ ಹೊತ್ತಿನಲ್ಲಿ ದೇವರನ್ನು ನೆನೆದು ಹಸಿದವರಿಗೆ ಜೋಳ ಹಾಕುವುದು ಲೋಕದ ಬಗ್ಗೆ ಹೇಳಿದ ಮಾತಲ್ಲ. ಅದನ್ನು ಪರಾತದಲ್ಲಿಟ್ಟು ಪರೀಕ್ಷಿಸಲು ಬರುವುದಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರಿಶೀಲಿಸಲು ಸಮಿತಿ ರಚಿಸಿದಾಗ ಅದರ ಹೆಸರಿನಲ್ಲೇ ಒಂದು ಎಚ್ಚರದ ಪದವಿತ್ತು. ಪರಿಶೀಲಿಸಬಹುದಾದ ಮೂಢನಂಬಿಕೆಗಳು ಎಂದು ಅವರು ಬರೆದರು. ಎಲ್ಲ ನಂಬಿಕೆಗಳ ಮೇಲೂ ಅವರು ಕೋರ್ಟು ಹೂಡಲಿಲ್ಲ. ಪರೀಕ್ಷೆಗೆ ಸಿಗುವ ಮಾತನ್ನು ಆಡುವವರು ಪರೀಕ್ಷೆಗೂ ಒಪ್ಪಬೇಕೆಂದು ಕೇಳಿದರು, ಅಷ್ಟೆ. ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸುವ ಹಾಗೂ ಸುಧಾರಿಸುವ ಪ್ರವೃತ್ತಿಯನ್ನು ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯವೆಂದು ನಮ್ಮ ಸಂವಿಧಾನಕ್ಕೆ ಸೇರಿದ್ದೂ ಅದೇ 1976ರ ತಿದ್ದುಪಡಿಯಿಂದ. ಆ ಸಾಲಿನಲ್ಲಿ ವೈಜ್ಞಾನಿಕ ಮನೋಭಾವದ ಪಕ್ಕದಲ್ಲೇ ಮಾನವೀಯತೆ ಕೂತಿರುವುದನ್ನು ನಾವು ಗಮನಿಸಬೇಕು.

ನನಗೆ ನಿಜವಾಗಿ ನೋವಾಗುವುದು ಅಜ್ಜಿಯಂಥವರ ನಂಬಿಕೆಯಿಂದಲ್ಲ. ಗ್ರಹಣದಲ್ಲಿ ವಿಶೇಷ ಕಿರಣಗಳು ಹೊರಡುತ್ತವೆ, ಅವು ಅಡುಗೆಯನ್ನು ವಿಷ ಮಾಡುತ್ತವೆ, ದರ್ಭೆ ಅವನ್ನು ಹೀರಿಕೊಳ್ಳುತ್ತದೆ ಎಂದು ವಿಜ್ಞಾನದ ಅಂಗಿ ತೊಡಿಸಿ ಹೇಳುವವರಿಂದ. ಚಂದ್ರ ಅಡ್ಡ ಬಂದಾಗ ಸೂರ್ಯನಿಂದ ನಮಗೆ ಬರುವ ಬೆಳಕು ಕಡಿಮೆಯಾಗುತ್ತದೆಯೇ ಹೊರತು ಹೊಸದೇನೂ ಸೇರುವುದಿಲ್ಲ. ಹೀಗೆ ಹೇಳುವವರು ವಿಜ್ಞಾನದ ಮರ್ಯಾದೆಯನ್ನು ಬಯಸುತ್ತಾರೆ, ಅದರ ಪರೀಕ್ಷೆಯನ್ನು ಬಯಸುವುದಿಲ್ಲ. ಅದರಿಂದ ನಂಬಿಕೆಗೂ ಲಾಭವಿಲ್ಲ; ತನ್ನ ಬೆಲೆಯನ್ನು ಇಲ್ಲದ ಕಿರಣಗಳ ಮೇಲೆ ಅಡವಿಟ್ಟ ಆಚರಣೆ, ಕಿರಣಗಳಿಲ್ಲವೆಂದು ಗೊತ್ತಾದ ದಿನ ತಾನೂ ಮುಳುಗುತ್ತದೆ. ವಿಜ್ಞಾನವೂ ಗ್ರಹಣವನ್ನು ಬರಿಗಣ್ಣಿನಿಂದ ನೋಡಬೇಡಿ ಎನ್ನುತ್ತದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಹೌದು, ಎನ್ನುತ್ತದೆ. ಅರ್ಧ ಮುಚ್ಚಿದ ಸೂರ್ಯನನ್ನು ದಿಟ್ಟಿಸಿದರೆ ಅಕ್ಷಿಪಟಲ ಸುಟ್ಟುಹೋಗಬಹುದು. ಗ್ರಹಣವಿಲ್ಲದ ದಿನ ದಿಟ್ಟಿಸಿದರೂ ಹಾಗೆಯೇ. ಆ ನಿಷೇಧಕ್ಕೊಂದು ಕಾರಣವಿದೆ, ಒಂದು ಗಡಿಯೂ ಇದೆ: ಸೂರ್ಯ ಪೂರ್ತಿ ಮರೆಯಾದ ಆ ಎರಡು ಮೂರು ನಿಮಿಷ ಬರಿಗಣ್ಣಿನಿಂದ ನೋಡಬಹುದು. ಗಡಿಯಿಲ್ಲದ, ಕಾರಣ ಕೇಳಬಾರದ ನಿಷೇಧ ಬೇರೆಯದೇ ಜಾತಿಯದು.

ಅದು ಎಲ್ಲಿಗೆ ಒಯ್ಯಬಲ್ಲದೆಂಬುದನ್ನು 2019ರ ಡಿಸೆಂಬರ್ 26ರಂದು ಕಂಡೆವು. ಆ ಬೆಳಗ್ಗೆ ಮಂಗಳೂರಿನಲ್ಲಿ, ಕೊಡಗಿನಲ್ಲಿ ಜನರು ಕಂಕಣ ಗ್ರಹಣವನ್ನು ಕಣ್ತುಂಬಿಕೊಳ್ಳುತ್ತಿದ್ದ ಹೊತ್ತಿಗೆ, ಕಲಬುರಗಿಯ ಹತ್ತಿರದ ಹಳ್ಳಿಯೊಂದರಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಗುಣವಾಗುತ್ತದೆಂಬ ಆಸೆಯಿಂದ ಕುತ್ತಿಗೆಯವರೆಗೆ ಹೂತಿದ್ದರು. ಆ ತಾಯ್ತಂದೆಯರನ್ನು ಬೈಯಲು ನನಗೆ ನಾಲಿಗೆ ಏಳುವುದಿಲ್ಲ. ಎಲ್ಲ ಬಾಗಿಲು ತಟ್ಟಿ ದಣಿದವರು ಮಣ್ಣಿನ ಬಾಗಿಲನ್ನೂ ತಟ್ಟಿದರು. ಆದರೆ ಇಡೀ ಊರಿನಲ್ಲಿ ಒಬ್ಬರಾದರೂ, ಹಿಂದೆ ಹೀಗೆ ಹೂತ ಮಕ್ಕಳಲ್ಲಿ ಎದ್ದು ನಡೆದವರು ಯಾರು ಎಂದು ಗಟ್ಟಿಯಾಗಿ ಕೇಳಿದ್ದರೆ, ಆ ಮಕ್ಕಳು ಆ ಚಳಿಯ ಬೆಳಗಿನಲ್ಲಿ ಅಮ್ಮಂದಿರ ಮಡಿಲಿನಲ್ಲಿರುತ್ತಿದ್ದರು. ಸಂಶಯ ಕರುಣೆಯ ಕೆಲಸ ಮಾಡುವ ಸಂದರ್ಭಗಳಿವೆ, ಇದು ಅಂಥದ್ದು.

ನಮ್ಮಪ್ಪ 2010ರ ಜನವರಿ 15ರ ಗ್ರಹಣದ ಹೊತ್ತಿಗೆ ನಿವೃತ್ತರಾಗಿ ನಮ್ಮ ಜೊತೆಗಿದ್ದರು. ಸಂಕ್ರಾಂತಿಯ ಮರುದಿನ ಅದು. ನನ್ನ ಮಗಳು ಶಾಲೆಯಿಂದ ಗ್ರಹಣದ ಕನ್ನಡಕ ತಂದಿದ್ದಳು. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ, ಅಂಗಳದ ಬಿಸಿಲು ಬೆಳದಿಂಗಳಂತೆ ತಣ್ಣಗಾದಾಗ, ಅಪ್ಪ ಒಳಗಿಂದ ತಾವಾಗಿಯೇ ಎದ್ದು ಬಂದು ಅದನ್ನು ಇಸಿದುಕೊಂಡರು. ಮೂವತ್ತು ವರ್ಷಗಳ ಹಿಂದೆ ಗೋಡೆಯ ಮೇಲೆ ನೋಡಿದ ಕುಡುಗೋಲನ್ನು ಅವರು ಆಕಾಶದಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕವನ್ನು ಮೊಮ್ಮಗಳ ಕೈಗಿತ್ತು, ಮೋಕ್ಷಕಾಲ ಎಷ್ಟಕ್ಕೆ ಎಂದು ಕೇಳಿದರು. ಅವಳು ತನ್ನ ವಹಿಯಲ್ಲಿ ಬರೆದುಕೊಂಡದ್ದನ್ನು ನೋಡಿ, ಮೂರು ಗಂಟೆ ದಾಟಿದ ಮೇಲೆ ಅಜ್ಜಾ, ಎಂದಳು. ಹಾಗಾದರೆ ಅಷ್ಟರ ಹೊತ್ತಿಗೆ ಸ್ನಾನಕ್ಕೆ ನೀರು ಕಾಯಿಸಲು ಹೇಳು ಎಂದು ಅಪ್ಪ ಒಳಗೆ ಹೋದರು.